ಒಂದೇ ಟೋಕನ್, ಹಲವು ಆಟ: ನಮ್ಮ ಆಟವನ್ನು ಸೇರಿಸೋದಾ, ಬೇಡವಾ?

ಗುಹೆದೀಪ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ.

ನಾವು ಮೂವರು ಸೇರಿ ಒಂದು ಆಟ ಮಾಡುತ್ತಿದ್ದೇವೆ. ಶುರು ಮಾಡಿ ಎರಡು ವರ್ಷ ಆಯಿತು. ಗುಹೆಯೊಳಗೆ ಇಳಿಯುವ ಆಟ. ಕೈಯಲ್ಲಿ ಒಂದು ದೀಪ, ದೀಪದಲ್ಲಿ ಅಳೆದು ಹಾಕಿದ ಎಣ್ಣೆ. ಎಣ್ಣೆ ತೀರುವುದರೊಳಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಮೇಲೆ ಬರಬೇಕು. ತಡವಾದರೆ ಹೊತ್ತಿದ್ದೆಲ್ಲ ಒಳಗೇ ಉಳಿಯುತ್ತದೆ. ಇನ್ನೊಂದು ಮೂಲೆ ನೋಡಿಬಿಡೋಣ ಅನ್ನುವ ಆಸೆ ಒಂದು ಕಡೆ, ದೀಪ ಸಣ್ಣಗಾಗುವ ಭಯ ಒಂದು ಕಡೆ. ಆಟದ ಜೀವ ಇರುವುದೇ ಅಲ್ಲಿ.

ಈಗ ಬ್ಲಾಕ್‌ಚೈನ್ ಆಟಗಳ ಒಂದು ಬಳಗದಿಂದ ಕರೆ ಬಂದಿದೆ. ಬ್ಲಾಕ್‌ಚೈನ್ ಅಥವಾ ಚೈನ್ ಅಂದರೆ ಹಲವು ಕಂಪ್ಯೂಟರ್‌ಗಳು ಸೇರಿ ಇಡುವ ಒಂದೇ ಲೆಕ್ಕದ ದಾಖಲೆ. ಅಲ್ಲಿ ಆಗಲೇ ಆರು ಆಟಗಳಿವೆ. ಆರಕ್ಕೂ ಒಂದೇ ಟೋಕನ್, ಅಂದರೆ ಆ ದಾಖಲೆಯಲ್ಲಿರುವ, ಆಟದ ಹೊರಗೂ ಮಾರಿ ಕೊಳ್ಳಬಹುದಾದ ಕಾಸು. ಒಂದರಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಖರ್ಚು ಮಾಡಬಹುದು. ಅವರು ಕೇಳುತ್ತಿರುವುದು ಇಷ್ಟು: ನಮ್ಮ ಆಟದ ಕಾಸನ್ನು ತೆಗೆದು ಅವರ ಟೋಕನ್ ಇಡಬೇಕು, ನಮ್ಮ ವಸ್ತುಗಳು ಅವರ ಮಾರುಕಟ್ಟೆಗೆ ಬರಬೇಕು. ಬದಲಿಗೆ ಅವರ ಆಟಗಾರರು ನಮಗೂ ಸಿಗುತ್ತಾರೆ. ಜೊತೆಗೆ ಎರಡು ವರ್ಷ ಕಂತಿನಲ್ಲಿ ಒಂದಷ್ಟು ಟೋಕನ್ ಕೊಡುತ್ತಾರೆ.

ನಮ್ಮಲ್ಲಿ ಒಬ್ಬರು ಬೇಕು ಅಂತಾರೆ, ಒಬ್ಬರು ಬೇಡ ಅಂತಾರೆ. ನಾನು ನಡುವೆ ಸಿಕ್ಕಿದ್ದೇನೆ. ಇಂಥದ್ದನ್ನು ಒಳಗಿನಿಂದ ನೋಡಿದವರು ಹೇಳಿ. ಟೋಕನ್ ಬೆಲೆ ಏರುತ್ತಾ ಇಳಿಯುತ್ತಾ ಅನ್ನುವ ಚರ್ಚೆ ಬೇಡ. ಸೇರಿದ ಮೇಲೆ ಆಟ ಆಟವಾಗಿ ಉಳಿಯುತ್ತಾ ಅನ್ನುವುದಷ್ಟೇ ನನ್ನ ಪ್ರಶ್ನೆ.

ಲೆಕ್ಕದಪುಸ್ತಕ

ಆಟದೊಳಗಿನ ಹಣಕಾಸು ನೋಡುವುದೇ ನನ್ನ ಕೆಲಸ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಯಾವ ಆಟ ನೋಡಿದರೂ ನಾನು ಮೊದಲು ಹುಡುಕುವುದು ಎರಡು. ನಲ್ಲಿ ಎಲ್ಲಿದೆ, ಮೋರಿ ಎಲ್ಲಿದೆ. ನಲ್ಲಿ ಅಂದರೆ ಹೊಸ ಟೋಕನ್ ಹುಟ್ಟುವ ಜಾಗ: ಗೆದ್ದಾಗ, ದಿನಾ ಲಾಗಿನ್ ಆದಾಗ, ಏನೋ ಒಂದು ಕೆಲಸ ಮುಗಿಸಿದಾಗ. ಮೋರಿ ಅಂದರೆ ಟೋಕನ್ ಮತ್ತೆ ಬರದ ಹಾಗೆ ಹೋಗುವ ಜಾಗ: ರಿಪೇರಿ, ಶುಲ್ಕ, ಮೇಲ್ದರ್ಜೆಗೆ ಏರಿಸುವುದು. ನಲ್ಲಿ ಜಾಸ್ತಿ, ಮೋರಿ ಕಡಿಮೆ ಆದರೆ ಟೋಕನ್ ಊರೆಲ್ಲ ಹರಿದಾಡಿ ಬೆಲೆ ಕಳೆದುಕೊಳ್ಳುತ್ತದೆ. ಇದು ಬ್ಲಾಕ್‌ಚೈನ್‌ಗಿಂತ ಹಳೆಯ ಸಮಸ್ಯೆ. ಈವ್ ಆನ್‌ಲೈನ್ ಆಟದವರು ಇದಕ್ಕಾಗಿಯೇ 2007ರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು.

ಆಕ್ಸಿ ಇನ್ಫಿನಿಟಿ ನೆನಪಿಸಿಕೊಳ್ಳಿ, ಆಕ್ಸಿ ಅನ್ನುವ ಪುಟ್ಟ ಪ್ರಾಣಿಗಳನ್ನು ಸಾಕಿ ಕಾದಾಡಿಸುವ ಬ್ಲಾಕ್‌ಚೈನ್ ಆಟ. ಅಲ್ಲಿ ಎರಡು ಟೋಕನ್ ಇದ್ದವು. ಎಎಕ್ಸ್‌ಎಸ್‌ಗೆ 27 ಕೋಟಿಯ ಮಿತಿ ಇತ್ತು. ಆಡಿ ಗಳಿಸುವ ಎಸ್‌ಎಲ್‌ಪಿಗೆ ಮಿತಿಯೇ ಇರಲಿಲ್ಲ. ಎಸ್‌ಎಲ್‌ಪಿ ಖರ್ಚಾಗುತ್ತಿದ್ದ ಮುಖ್ಯ ಜಾಗ ಒಂದೇ, ಎರಡು ಆಕ್ಸಿಗಳಿಂದ ಮರಿ ಮಾಡಿಸುವುದು. ಈಗ ಯೋಚನೆ ಮಾಡಿ. ಮರಿ ಹುಟ್ಟಿದರೆ ಏನಾಗುತ್ತದೆ? ಅದನ್ನು ಯಾರೋ ಕೊಳ್ಳುತ್ತಾರೆ, ಅದರಿಂದ ಆಡುತ್ತಾರೆ, ಇನ್ನಷ್ಟು ಎಸ್‌ಎಲ್‌ಪಿ ಹುಟ್ಟುತ್ತದೆ. ಮೋರಿಯೇ ಹೊಸ ನಲ್ಲಿಯನ್ನು ಹೆರುತ್ತಿತ್ತು. ಹೊಸ ಆಟಗಾರರು ಬರುತ್ತಿರುವಷ್ಟು ದಿನ ಇದು ಕಾಣಲಿಲ್ಲ. 2021ರ ಮಧ್ಯದಲ್ಲಿ 30 ಸೆಂಟ್ ದಾಟಿದ್ದ ಎಸ್‌ಎಲ್‌ಪಿ, 2022ರ ಫೆಬ್ರವರಿ ಆರಂಭಕ್ಕೆ ಒಂದು ಸೆಂಟ್‌ನ ಆಸುಪಾಸಿಗೆ ಬಂತು. ಆ ತಿಂಗಳೇ ಅವರು ಅಡ್ವೆಂಚರ್ ವಿಭಾಗದಿಂದಲೂ ದಿನದ ಕೆಲಸದಿಂದಲೂ ಎಸ್‌ಎಲ್‌ಪಿ ಕೊಡುವುದನ್ನು ನಿಲ್ಲಿಸಿದರು. ಆದರೆ ಅಷ್ಟು ಹೊತ್ತಿಗೆ ಜನ ಹೊರಡಲು ಶುರು ಮಾಡಿದ್ದರು.

ಇದು ಒಂದೇ ಆಟದ ಕತೆ. ನಿಮ್ಮದು ಏಳು ಆಟಗಳ ಕತೆ. ಏಳಕ್ಕೂ ಒಂದೇ ತೊಟ್ಟಿ. ನೀವು ನಿಮ್ಮ ನಲ್ಲಿಯನ್ನು ಎಷ್ಟೇ ಬಿಗಿಯಾಗಿ ತಿರುಗಿಸಿದರೂ ಪಕ್ಕದವರ ನಲ್ಲಿ ಸುರಿಯುತ್ತಿದ್ದರೆ ಏನು ಬಂತು? ಜನ ಸುಲಭವಾಗಿ ಟೋಕನ್ ಸಿಗುವ ಆಟದಲ್ಲಿ ಗಳಿಸಿಕೊಂಡು ನಿಮ್ಮ ಆಟಕ್ಕೆ ಬಂದು ಖರ್ಚು ಮಾಡುತ್ತಾರೆ. ನಿಮ್ಮಲ್ಲಿ ವಾರವಿಡೀ ಗುಹೆ ಇಳಿದವರು ಗಳಿಸಿದ್ದನ್ನು, ಅಲ್ಲಿ ಅರ್ಧ ಗಂಟೆ ಗುಂಡಿ ಒತ್ತಿದವರು ತಂದು ಮುಂದೆ ಇಡುತ್ತಾರೆ. ಆವಾಗ ನಿಮ್ಮ ಆಟಗಾರರಿಗೆ ಹೇಗನಿಸಬಹುದು?

ಹಾಗಾಗಿ ಬಳಗದವರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಎಲ್ಲ ಆಟಗಳ ನಲ್ಲಿಯನ್ನು ಯಾರು ಅಳೆಯುತ್ತಾರೆ? ಯಾರಾದರೂ ಅತಿಯಾಗಿ ಬಿಟ್ಟರೆ ನಿಲ್ಲಿಸುವ ಅಧಿಕಾರ ಯಾರಿಗಿದೆ?

ಗುಹೆದೀಪ

ಮರಿಯ ಮಾತು ಓದಿ ಬೆಚ್ಚಿಬಿದ್ದೆ. ನಮ್ಮಲ್ಲೂ ಒಂದು ಅಂಥದ್ದಿದೆ. ಕಾಸು ಕೊಟ್ಟು ದೀಪ ದೊಡ್ಡದು ಮಾಡಿಸಬಹುದು. ದೊಡ್ಡ ದೀಪ ಇದ್ದರೆ ಜಾಸ್ತಿ ಹೊತ್ತು ಒಳಗಿರಬಹುದು, ಜಾಸ್ತಿ ಕಾಸು ತರಬಹುದು. ನಾವು ಅದನ್ನು ಮೋರಿ ಅಂತಲೇ ಲೆಕ್ಕ ಹಾಕಿದ್ದೆವು.

ಲೆಕ್ಕದಪುಸ್ತಕ

ಅದು ಅರ್ಧ ಮೋರಿ, ಅರ್ಧ ನಲ್ಲಿ. ಆದರೆ ನಿಮ್ಮ ಎಣ್ಣೆ ನಿಜವಾದ ಮೋರಿ. ಪ್ರತಿ ಸಲ ಉರಿದು ಹೋಗುತ್ತದೆ, ಬದಲಿಗೆ ಕೊಡುವುದು ಆಟವನ್ನು ಮಾತ್ರ. ಅದನ್ನು ಜೋಪಾನ ಮಾಡಿ.

ಸಂಜೆಮಲ್ಲಿಗೆ

ನಾನು ಆಟ ಮಾಡುವವಳಲ್ಲ, ಆಡುವವಳು. ಒಂದು ಕಾಲದಲ್ಲಿ ಇಂಥದ್ದೇ ಒಂದು ಆಟದಲ್ಲಿ ಬೇರೆಯವರ ಖಾತೆಯನ್ನು ಆಡುತ್ತಿದ್ದೆ. ಹೆಸರು ಬೇಡ. ಅವರ ಪಾತ್ರಗಳು, ನನ್ನ ಸಮಯ, ಬಂದ ಟೋಕನ್‌ನಲ್ಲಿ ಪಾಲು. ದಿನಕ್ಕೆ ಇಷ್ಟು ಅಂತ ಗುರಿ ಇತ್ತು. ಗುರಿ ಮುಟ್ಟದಿದ್ದರೆ ಖಾತೆ ವಾಪಸ್.

ಮೊದಲ ವಾರ ತುಂಬಾ ಖುಷಿಯಲ್ಲಿದ್ದೆ. ಆಟವೂ ಚೆನ್ನಾಗಿತ್ತು. ಎರಡನೇ ತಿಂಗಳಿಗೆ ನಾನು ನೋಡುತ್ತಿದ್ದದ್ದು ಪರದೆಯ ಬಲಮೂಲೆಯ ಅಂಕಿಯನ್ನು ಮಾತ್ರ. ಎದುರಾಳಿ ಯಾರು, ಯಾವ ಪಾತ್ರ ತಂದಿದ್ದಾರೆ, ಏನೂ ತಲೆಗೆ ಹೋಗುತ್ತಿರಲಿಲ್ಲ. ಸೋತರೆ ಬೇಜಾರಾಗುತ್ತಿದ್ದದ್ದು ಸೋತದ್ದಕ್ಕಲ್ಲ, ಗುರಿಗೆ ಇನ್ನೂ ಎರಡು ಪಂದ್ಯ ಬೇಕಲ್ಲ ಅಂತ. ಆಮೇಲೆ ಟೋಕನ್ ಬೆಲೆ ಇಳಿಯಿತು. ಗುರಿ ಮಾತ್ರ ಅಷ್ಟೇ ಇತ್ತು, ಪಾಲಿನಲ್ಲಿ ಕೈಗೆ ಬರುವುದು ಹತ್ತರಲ್ಲಿ ಒಂದು ಪಾಲಾಯಿತು. ಒಂದು ರಾತ್ರಿ ಫೋನ್ ಕೆಳಗಿಟ್ಟೆ, ಮತ್ತೆ ತೆಗೆಯಲಿಲ್ಲ.

ಗುಹೆದೀಪ ಅವರೇ, ನಿಮ್ಮ ಆಟದ ವಿವರಣೆ ಓದಿದಾಗ ಆಡಬೇಕು ಅನಿಸಿತು. ಆ ದೀಪದ ಭಯ ಇದೆಯಲ್ಲ, ಅದು ಹಾಗೇ ಇರಲಿ. ಒಳಗೆ ಇಳಿದವರಿಗೆ ಈ ಸಲ ಎಷ್ಟು ಟೋಕನ್ ಬಂತು ಅನ್ನುವುದೇ ಮುಖ್ಯವಾದರೆ ಯಾರೂ ಆ ಇನ್ನೊಂದು ಮೂಲೆ ನೋಡಲು ಹೋಗುವುದಿಲ್ಲ. ಲೆಕ್ಕ ಹಾಕಿ ಯಾವ ದಾರಿಯಲ್ಲಿ ಲಾಭವೋ ಅದೊಂದೇ ದಾರಿಯಲ್ಲಿ ದಿನಾ ಹೋಗಿಬರುತ್ತಾರೆ.

ಹೊಸಚಿಗುರು

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ನಾನು ಇನ್ನೊಂದು ಕಡೆಯದ್ದು ಹೇಳುತ್ತೇನೆ, ಯಾಕೆಂದರೆ ಅದನ್ನು ನಂಬಿದವನು ನಾನು.

ಸಣ್ಣ ಆಟಕ್ಕೆ ತನ್ನದೇ ಟೋಕನ್ ಇದ್ದರೆ ಏನಾಗುತ್ತದೆ ಗೊತ್ತಾ? ಕೊಳ್ಳುವವರು ಹತ್ತು ಜನ, ಮಾರುವವರು ಹತ್ತು ಜನ. ಒಬ್ಬರು ಸ್ವಲ್ಪ ಜಾಸ್ತಿ ಮಾರಿದರೂ ಬೆಲೆ ಬಿದ್ದುಹೋಗುತ್ತದೆ. ಆಟ ಒಂದು ತಿಂಗಳು ಮಂಕಾದರೆ ಟೋಕನ್ ಕತೆ ಮುಗಿಯಿತು. ಹಲವು ಆಟಗಳು ಒಂದೇ ಟೋಕನ್ ಬಳಸಿದರೆ ಆ ಹೊಡೆತ ಹಂಚಿಹೋಗುತ್ತದೆ. ಒಂದು ಆಟದಲ್ಲಿ ಬೇಜಾರಾದ ಆಟಗಾರ ಕೈಯಲ್ಲಿರುವುದನ್ನು ಮಾರಿ ಹೊರಗೆ ಹೋಗುವ ಬದಲು ಪಕ್ಕದ ಆಟಕ್ಕೆ ಹೋಗುತ್ತಾನೆ. ಹೊಸ ಆಟಕ್ಕೆ ಮೊದಲ ದಿನವೇ ವ್ಯಾಲೆಟ್ (ಟೋಕನ್ ನೋಡಿಕೊಳ್ಳುವ ಆ್ಯಪ್) ಇರುವ, ಅದರಲ್ಲಿ ವಹಿವಾಟಿಗೆ ಸಹಿ ಹಾಕಲು ಗೊತ್ತಿರುವ ಆಟಗಾರರು ಸಿಗುತ್ತಾರೆ. ಇದು ಸಣ್ಣ ತಂಡಕ್ಕೆ ಎಷ್ಟು ದೊಡ್ಡ ವಿಷಯ ಅಂತ ಮಾಡಿದವರಿಗೇ ಗೊತ್ತು.

ಟ್ರೆಷರ್ ಬಳಗವನ್ನೇ ನೋಡಿ. 2021ರ ಆಗಸ್ಟ್‌ನಲ್ಲಿ ಲೂಟ್ ಅಂತ ಒಂದು ಬಂದಿತ್ತು. ಕಪ್ಪು ಹಿನ್ನೆಲೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಎಂಟು ಸಾಲು. ಒಂದು ಆಯುಧ, ಒಂದು ಕವಚ, ಒಂದು ಉಂಗುರ, ಹೀಗೆ. ಚಿತ್ರ ಇಲ್ಲ, ಆಟ ಇಲ್ಲ, ಬರೀ ಹೆಸರುಗಳು. ಅದನ್ನು ನೋಡಿ ಎಷ್ಟೋ ಜನ ಅದರ ಸುತ್ತ ಏನೇನೋ ಕಟ್ಟಲು ಹೊರಟರು. ಟ್ರೆಷರ್ ಹುಟ್ಟಿದ್ದು ಆ ಉತ್ಸಾಹದಲ್ಲೇ. ಆರ್ಬಿಟ್ರಮ್ ಅನ್ನುವ ಚೈನ್ ಮೇಲೆ ಮ್ಯಾಜಿಕ್ ಅನ್ನುವ ಒಂದೇ ಟೋಕನ್, ಅದರ ಸುತ್ತ ಹಲವು ಆಟ, ಒಂದು ಮಾರುಕಟ್ಟೆ. ಒಬ್ಬರಿಗೊಬ್ಬರು ಗೊತ್ತಿಲ್ಲದ ತಂಡಗಳು ಒಂದೇ ಹಣವನ್ನು ನಂಬಿ ಕೆಲಸ ಮಾಡಿದವು. ನನಗೆ ಅದು ಇವತ್ತಿಗೂ ಚಂದದ ಯೋಚನೆ.

ಲೆಕ್ಕದಪುಸ್ತಕ

ಯೋಚನೆ ಚಂದವೇ, ಒಪ್ಪುತ್ತೇನೆ. ಆದರೆ ಅದರ ಮುಂದಿನ ಭಾಗವನ್ನೂ ಹೇಳಬೇಕಲ್ವಾ. ಟ್ರೆಷರ್‌ನವರು 2024ರ ಕೊನೆಗೆ ತಮ್ಮದೇ ಚೈನ್ ಶುರು ಮಾಡಿದರು. 2025ರ ಏಪ್ರಿಲ್‌ನಲ್ಲಿ ಆಟಗಳನ್ನು ಹೊರತರುವ ಕೆಲಸವನ್ನೂ ಆ ಚೈನನ್ನೂ ನಿಲ್ಲಿಸುವುದಾಗಿ ಹೇಳಿದರು. ಆದಾಯಕ್ಕಿಂತ ಖರ್ಚು ಜಾಸ್ತಿಯಾಗಿತ್ತು. ಅವರ ಮೇಲೆ ನಿಂತಿದ್ದ ಆಟದ ತಂಡಗಳು ಬೇರೆ ನೆಲೆ ಹುಡುಕಬೇಕಾಯಿತು. ಅವುಗಳಲ್ಲಿ ತಮ್ಮ ಪಾಡಿಗೆ ಚೆನ್ನಾಗಿ ಕೆಲಸ ಮಾಡುತ್ತಿದ್ದವರೂ ಇದ್ದರು.

ಹೊಡೆತ ಹಂಚಿಹೋಗುತ್ತದೆ ಅಂದಿರಿ. ನಿಜ. ಆದರೆ ಎಲ್ಲ ಆಟಗಳೂ ಬೇರೆಬೇರೆ ಕಾರಣಕ್ಕೆ ಏಳುಬೀಳು ಕಂಡರೆ ಮಾತ್ರ ಅದು ನಿಜ. ಒಂದೇ ಟೋಕನ್ ಇದ್ದಾಗ ಎಲ್ಲರೂ ಒಂದೇ ದಿನ ಏಳುತ್ತಾರೆ, ಒಂದೇ ದಿನ ಬೀಳುತ್ತಾರೆ. ಯಾಕೆಂದರೆ ಬೀಳುವುದು ಟೋಕನ್.

ಇನ್ನೊಂದು ವಿಷಯ ಇದೆ, ಇದನ್ನು ಜನ ಅಷ್ಟಾಗಿ ಮಾತಾಡುವುದಿಲ್ಲ. ಆಟಗಾರ ಕತ್ತಿ ಕೊಳ್ಳಬೇಕು ಅಂದುಕೊಳ್ಳಿ. ಟೋಕನ್ ಕೊಂಡ, ಎರಡು ನಿಮಿಷದಲ್ಲಿ ಕತ್ತಿ ಕೊಂಡ. ಮಾರಿದವನು ಇನ್ನೆರಡು ನಿಮಿಷದಲ್ಲಿ ಟೋಕನ್ ಮಾರಿದ. ವ್ಯಾಪಾರ ಆಯಿತು, ಆದರೆ ಟೋಕನ್ ಯಾರ ಕೈಯಲ್ಲೂ ನಾಲ್ಕು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಿಲ್ಲ. ಹೀಗೆ ಓಡುತ್ತಿರುವ ಟೋಕನ್‌ಗೆ ವ್ಯಾಪಾರ ಎಷ್ಟೇ ಬೆಳೆದರೂ ಆಧಾರ ಸಿಗುವುದಿಲ್ಲ. ಅದಕ್ಕೇ ಬಳಗಗಳು ಅದನ್ನು ಹಿಡಿದಿಡಲು ದಾರಿ ಹುಡುಕುತ್ತವೆ. ಆಟದ ವಸ್ತುಗಳ ವ್ಯಾಪಾರಕ್ಕೆ ಮಾಡಿದ ಇಮ್ಯುಟೇಬಲ್ ಎಕ್ಸ್ ಅನ್ನುವ ವ್ಯವಸ್ಥೆಯಲ್ಲಿ ವಹಿವಾಟಿಗೆ ಶೇ. 2 ಶುಲ್ಕ ಇಟ್ಟು, ಆ ಶುಲ್ಕದ ಐದರಲ್ಲಿ ಒಂದು ಪಾಲನ್ನು ಅವರ ಐಎಂಎಕ್ಸ್ ಟೋಕನ್‌ನಲ್ಲೇ ಕಟ್ಟಬೇಕು ಅಂತ ಮಾಡಿದರು. ಆಟದೊಳಗೆ ಯಾವ ಕಾಸು ನಡೆಯಬೇಕು ಅನ್ನುವುದನ್ನು ಆಯಾ ಆಟಕ್ಕೆ ಬಿಟ್ಟರು. ಈ ವ್ಯತ್ಯಾಸ ಗಮನಿಸಿ. ಶುಲ್ಕಕ್ಕೆ ಹಂಚಿಕೊಂಡ ಟೋಕನ್ ಬೇರೆ, ಅಡುಗೆಮನೆಯ ಉಪ್ಪಿನವರೆಗೂ ಹಂಚಿಕೊಂಡ ಟೋಕನ್ ಬೇರೆ.

ಹೊಸಚಿಗುರು

ಕೊನೆಯ ಮಾತು ಒಪ್ಪಿದೆ. ಟ್ರೆಷರ್ ವಿಷಯವೂ ಗೊತ್ತಿತ್ತು, ಬರೆಯಲು ಮನಸ್ಸಾಗಲಿಲ್ಲ. ಅಲ್ಲಿ ಆಡಿದ ದಿನಗಳು ನನಗೆ ಇಷ್ಟದ ದಿನಗಳು.

ತಂತಿಜೋಡಕ

ಒಂದು ಆಟದ ವಸ್ತು ಇನ್ನೊಂದರಲ್ಲಿ ನಡೆಯುತ್ತದೆ ಅನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಈ ಕೆಲಸ ಕೈಯಾರೆ ಮಾಡಿದ್ದೇನೆ.

ಈ ಕನಸನ್ನು ಗಟ್ಟಿಯಾಗಿ ಹಿಡಿದವರಲ್ಲಿ ಎಂಜಿನ್ ಬಳಗದವರು ಮೊದಲಿಗರು. ಒಂದೇ ಕಾಂಟ್ರಾಕ್ಟ್‌ನಲ್ಲಿ (ಚೈನ್ ಮೇಲೆ ಓಡುವ ಪ್ರೋಗ್ರಾಂ) ಸಾವಿರಾರು ಬಗೆಯ ವಸ್ತುಗಳನ್ನು ಇಡಬಹುದಾದ ಇಆರ್‌ಸಿ-1155 ಮಾನದಂಡ ಬಂದದ್ದು ಅವರಿಂದ. ಅದಕ್ಕೂ ಮೊದಲು ಕ್ರಿಪ್ಟೋಕಿಟ್ಟೀಸ್ ಅನ್ನುವ ಬೆಕ್ಕಿನ ಆಟದಂಥವು ಬಳಸಿದ ಇಆರ್‌ಸಿ-721 ಮಾನದಂಡದಲ್ಲಿ ಪ್ರತಿಯೊಂದು ವಸ್ತುವೂ ಬೇರೆಯೇ. ನೂರು ಒಂದೇ ರೀತಿಯ ಬಾಣಗಳಿಗೆ ಅದು ಸುಮ್ನೆ ಭಾರ. ಎಂಜಿನ್‌ನಲ್ಲಿ ಇನ್ನೊಂದು ಒಳ್ಳೆಯ ಯೋಚನೆಯೂ ಇತ್ತು. ವಸ್ತು ಮಾಡುವಾಗ ಅದರೊಳಗೆ ಎಂಜಿನ್ ಕಾಯಿನ್ ಹಾಕಿ ಬೀಗ ಹಾಕುವುದು. ಬೇಡವಾದಾಗ ವಸ್ತುವನ್ನು ಕರಗಿಸಿ ಆ ಕಾಯಿನ್ ವಾಪಸ್ ಪಡೆಯಬಹುದು. ಒಡವೆ ಕರಗಿಸಿ ಚಿನ್ನ ತೆಗೆದ ಹಾಗೆ. ಆಟ ನಿಂತರೂ ಕೈಯಲ್ಲಿ ಏನೋ ಒಂದು ಉಳಿಯುತ್ತದೆ.

ಆದರೆ ವಸ್ತು ಇನ್ನೊಂದು ಆಟಕ್ಕೆ ಹೋಗುವುದು ಮಾತ್ರ ಚೈನ್ ಬಗೆಹರಿಸುವ ವಿಷಯ ಅಲ್ಲ. ನಾನು ಕೆಲಸ ಮಾಡಿದ ಕಡೆ ಪಾಲುದಾರ ಆಟದ ಕತ್ತಿಯನ್ನು ನಮ್ಮ ಆಟಕ್ಕೆ ತರಬೇಕಿತ್ತು. ವ್ಯಾಲೆಟ್ ಜೋಡಿಸಿದ ತಕ್ಷಣ ಕತ್ತಿ ಕಾಣಿಸಿತು. ಕಾಣಿಸಿದ್ದು ಅಂದರೆ ಬೂದು ಬಣ್ಣದ ಒಂದು ಚೌಕ, ಕೆಳಗೆ ಉದ್ದನೆಯ ಸಂಖ್ಯೆ. ಯಾಕೆಂದರೆ ಚೈನ್ ಮೇಲೆ ಇರುವುದು ಇದು ಇವರದ್ದು ಅನ್ನುವ ದಾಖಲೆ ಮಾತ್ರ. ಕತ್ತಿಯ ಆಕಾರ, ಅದನ್ನು ಬೀಸುವ ಚಲನೆ, ಶಬ್ದ, ಅದರಿಂದ ಎಷ್ಟು ಪೆಟ್ಟು, ಯಾವುದೂ ಅಲ್ಲಿಲ್ಲ. ನಮ್ಮ ಆಟದಲ್ಲಿ ಕೈಗಳು ಬೇರೆ ಅಳತೆಯವು. ಕತ್ತಿಯನ್ನು ಮತ್ತೆ ರೂಪಿಸಬೇಕಾಯಿತು. ಅವರ ಆಟದಲ್ಲಿ 500 ಪೆಟ್ಟಿನ ಕತ್ತಿ ನಮ್ಮಲ್ಲಿ ಒಂದೇ ಏಟಿಗೆ ಎಲ್ಲರನ್ನೂ ಮುಗಿಸುತ್ತಿತ್ತು. ಕಡಿಮೆ ಮಾಡಿದರೆ ಕೊಂಡವರಿಗೆ ಕೋಪ, ಮಾಡದಿದ್ದರೆ ನಮ್ಮ ಆಟ ಹಾಳು. ಒಂದು ಕತ್ತಿಗೆ ಮೂರು ವಾರ ಹಿಡಿಯಿತು. ನೀವು ಮೂರೇ ಜನ ಇದ್ದೀರಿ. ಒಪ್ಪಂದದಲ್ಲಿ ಬೇರೆ ಆಟದ ವಸ್ತುಗಳನ್ನು ಒಳಗೆ ಬಿಡಬೇಕು ಅಂತ ಇದೆಯಾ, ಸರಿಯಾಗಿ ನೋಡಿ.

ಕಾವಲುಬಾಗಿಲು

ನಾನು ಭದ್ರತೆಯ ಕಡೆಯವನು. ನನ್ನದು ಒಂದೇ ವಿಷಯ: ಕೀಲಿ ಯಾರ ಹತ್ತಿರ ಇದೆ? ಕೀಲಿ ಅಂದರೆ ಚೈನ್ ಮೇಲೆ ಸಹಿ ಹಾಕಲು ಬೇಕಾದ ಗುಪ್ತ ಸಂಖ್ಯೆ.

ರೋನಿನ್ ಬ್ರಿಡ್ಜ್ ಕಳ್ಳತನದ ವಿವರ ಒಮ್ಮೆ ನಿಧಾನವಾಗಿ ನೋಡಿ. ಬ್ರಿಡ್ಜ್ ಅಂದರೆ ಒಂದು ಚೈನ್‌ನಿಂದ ಇನ್ನೊಂದಕ್ಕೆ ಹಣ ದಾಟಿಸುವ ದಾರಿ. ಆಕ್ಸಿಯವರ ರೋನಿನ್ ಚೈನ್‌ನಿಂದ ಹಣ ಹೊರಗೆ ತೆಗೆಯಲು ವಹಿವಾಟಿಗೆ ಒಪ್ಪಿಗೆ ಕೊಡುವ ಒಂಬತ್ತು ವ್ಯಾಲಿಡೇಟರ್‌ಗಳಲ್ಲಿ ಐವರ ಸಹಿ ಸಾಕಿತ್ತು. ನಾಲ್ಕು ಕೀಲಿ ಒಂದೇ ಕಂಪನಿಯಲ್ಲಿ, ಅಂದರೆ ಆಟ ಮಾಡಿದ ಸ್ಕೈ ಮೇವಿಸ್‌ನಲ್ಲಿ ಇದ್ದವು. ಐದನೆಯದು ಆಕ್ಸಿ ಡಾವೊದ್ದು, ಅಂದರೆ ಆಟದ ಸಮುದಾಯದ ಸಂಘದ್ದು. 2021ರ ನವೆಂಬರ್‌ನಲ್ಲಿ ಆಟಗಾರರ ನೂಕುನುಗ್ಗಲು ಜಾಸ್ತಿಯಾಗಿ, ತನ್ನ ಪರವಾಗಿ ಸಹಿ ಹಾಕಲು ಡಾವೊ ಕಂಪನಿಗೆ ಅನುಮತಿ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಆ ವ್ಯವಸ್ಥೆ ನಿಂತಿತು. ಅನುಮತಿಯನ್ನು ಮಾತ್ರ ಯಾರೂ ವಾಪಸ್ ತೆಗೆಯಲಿಲ್ಲ. 2022ರ ಮಾರ್ಚ್ 23ರಂದು ಕಳ್ಳರು ನಾಲ್ಕು ಕೀಲಿ ಹಿಡಿದು, ಆ ಮರೆತ ಅನುಮತಿಯಿಂದ ಐದನೆಯ ಸಹಿ ಪಡೆದರು. ಹೋದದ್ದು 1,73,600 ಈಥರ್ (ಎಥೀರಿಯಂ ಚೈನ್‌ನ ಹಣ) ಮತ್ತು 2.55 ಕೋಟಿ ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್). ಆಗಿನ ಬೆಲೆಯಲ್ಲಿ 60 ಕೋಟಿ ಡಾಲರ್‌ಗೂ ಹೆಚ್ಚು. ಗೊತ್ತಾದದ್ದು ಆರು ದಿನದ ಮೇಲೆ, ಅದೂ ಒಬ್ಬ ಬಳಕೆದಾರರಿಗೆ 5,000 ಈಥರ್ ತೆಗೆಯಲು ಆಗದಿದ್ದಾಗ. ಇದರ ಹಿಂದೆ ಉತ್ತರ ಕೊರಿಯಾದ ಲಾಜರಸ್ ಗುಂಪು ಇದೆ ಅಂತ ಅಮೆರಿಕದ ಎಫ್‌ಬಿಐ ಹೇಳಿತು. ಕಂಪನಿ ಹಣ ಎತ್ತಿ ಆಟಗಾರರಿಗೆ ತುಂಬಿಕೊಟ್ಟಿತು, ಜೂನ್ ಕೊನೆಗೆ ಬ್ರಿಡ್ಜ್ ಮತ್ತೆ ತೆರೆಯಿತು. ಎಲ್ಲ ಬಳಗಕ್ಕೂ ಹಾಗೆ ತುಂಬಿಕೊಡುವ ಶಕ್ತಿ ಇರುವುದಿಲ್ಲ.

ಇನ್ನೊಂದು, ಗಾಲಾ. ಅಲ್ಲೂ ಹಲವು ಆಟಕ್ಕೆ ಒಂದೇ ಟೋಕನ್. 2024ರ ಮೇನಲ್ಲಿ ಯಾರೋ ಒಳಗಿನ ಅಧಿಕಾರದ ಖಾತೆ ಹಿಡಿದು 500 ಕೋಟಿ ಗಾಲಾ ಸೃಷ್ಟಿಸಿದರು. ತಡೆಯುವುದರೊಳಗೆ ಸುಮಾರು 60 ಕೋಟಿ ಮಾರಿಬಿಟ್ಟಿದ್ದರು. ಆಮೇಲೆ ಮಾರಿ ಬಂದ ಈಥರ್ ವಾಪಸ್ ಬಂತು, ಅದು ಅದೃಷ್ಟ. ಯಾವ ಆಟದ ಕೋಡ್‌ನಲ್ಲೂ ತಪ್ಪಿರಲಿಲ್ಲ ಅನ್ನುವುದನ್ನು ನೋಡಿ. ಬಳಗದ ಎಲ್ಲ ಆಟದವರೂ ಆ ರಾತ್ರಿ ಒಂದೇ ಅಂಕಿ ನೋಡುತ್ತಾ ಕೂತಿರಬೇಕಾಯಿತು.

ಹಾಗಾಗಿ ಕೇಳಿ. ಹೊಸ ಟೋಕನ್ ಸೃಷ್ಟಿಸುವ ಅಧಿಕಾರ ಎಷ್ಟು ಕೀಲಿಗಳಲ್ಲಿ ಹಂಚಿದೆ? ಆ ಕೀಲಿಗಳು ನಿಜಕ್ಕೂ ಬೇರೆಬೇರೆ ಜನರ ಕೈಯಲ್ಲಿವೆಯಾ? ಹಳೆಯ ಅನುಮತಿಗಳನ್ನು ಕೊನೆಯ ಸಲ ಯಾವಾಗ ನೋಡಿದ್ದಾರೆ? ವಿಕೇಂದ್ರೀಕೃತ ಅನ್ನುವ ಪದ ಎಲ್ಲರ ಮುಖಪುಟದಲ್ಲೂ ಇರುತ್ತದೆ. ಅದು ನಿಜವೋ ಅಲ್ಲವೋ ಗೊತ್ತಾಗುವುದು ಈ ಉತ್ತರಗಳಲ್ಲಿ.

ಸಂಜೆಮಲ್ಲಿಗೆ

ಕಾವಲುಬಾಗಿಲು ಅಣ್ಣ, ಆಟಗಾರರ ಕಡೆಯಿಂದಲೂ ಒಂದು ಕೇಳಬೇಕು. ಒಂದು ಆಟಕ್ಕೆ ಕೊಟ್ಟ ಅನುಮತಿ ಬಳಗದ ಎಲ್ಲ ಆಟಕ್ಕೂ ಹೋಗುತ್ತಾ? ವ್ಯಾಲೆಟ್‌ನಲ್ಲಿ ಬರುವ ಆ ಪುಟ್ಟ ಕಿಟಕಿಯಲ್ಲಿ ಎಷ್ಟು ಖರ್ಚು ಮಾಡಲು ಬಿಡುತ್ತೀರಿ ಅಂತ ಇರುತ್ತದೆ. ಅಲ್ಲಿ ಒಂದು ಸಲ ಎಪ್ಪತ್ತೆಂಟು ಅಂಕೆಯ ಸಂಖ್ಯೆ ನೋಡಿದ್ದೆ. ಅರ್ಥ ಆಗದೆ ಹೂಂ ಅಂತ ಒತ್ತಿದ್ದೆ.

ಕಾವಲುಬಾಗಿಲು

ಅಕ್ಕ, ಆ ಉದ್ದ ಸಂಖ್ಯೆಯ ಅರ್ಥ ಮಿತಿಯೇ ಇಲ್ಲ ಅಂತ. ಕಾಂಟ್ರಾಕ್ಟ್ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ ಅದು. ನಿಮ್ಮ ವ್ಯಾಲೆಟ್‌ನಲ್ಲಿರುವ ಆ ಟೋಕನ್ ಪೂರ್ತಿಯನ್ನು, ಮುಂದೆ ಬರುವುದನ್ನೂ ಸೇರಿಸಿ, ಆ ಕಾಂಟ್ರಾಕ್ಟ್ ತೆಗೆಯಬಹುದು. ಅನುಮತಿ ಒಂದು ಕಾಂಟ್ರಾಕ್ಟ್‌ಗೆ ಮಾತ್ರ ಹೋಗುತ್ತದೆ. ಆದರೆ ಬಳಗದ ಎಲ್ಲ ಆಟವೂ ಒಂದೇ ಮಾರುಕಟ್ಟೆಯ ಕಾಂಟ್ರಾಕ್ಟ್ ಬಳಸಿದರೆ, ಅದರಲ್ಲಿ ದೋಷ ಬಂದ ದಿನ ಎಲ್ಲ ಆಟದ ಗಳಿಕೆಯೂ ಅಪಾಯದಲ್ಲಿ ಇರುತ್ತದೆ. ವ್ಯಾಲೆಟ್‌ನಲ್ಲಿ ಆ ಸಂಖ್ಯೆಯನ್ನು ತಿದ್ದಿ ಬೇಕಾದಷ್ಟೇ ಹಾಕಲು ಬರುತ್ತದೆ. ಹಳೆಯ ಅನುಮತಿಗಳನ್ನು ರದ್ದು ಮಾಡಲೂ ಬರುತ್ತದೆ. ಇವತ್ತೇ ಒಂದು ಸಲ ನೋಡಿಬಿಡಿ.

ಸಂಜೆಮಲ್ಲಿಗೆ

ನೋಡಿದೆ. ನಿಂತುಹೋದ ಆಟದ್ದೇ ನಾಲ್ಕು ಇದ್ದವು. ಎಲ್ಲ ತೆಗೆದೆ. ತುಂಬಾ ಉಪಕಾರ ಆಯಿತು.

ಹಳೆಟ್ರ್ಯಾಕ್

ಆಟ ನಿಂತರೆ ಏನಾಗುತ್ತದೆ ಅನ್ನುವುದನ್ನು ಯಾರೂ ಪೂರ್ತಿಯಾಗಿ ಹೇಳಲಿಲ್ಲ. ಎಫ್1 ಡೆಲ್ಟಾ ಟೈಮ್ ಆಟವನ್ನು ನಾನು ಹತ್ತಿರದಿಂದ ನೋಡಿದವನು. ಆನಿಮೋಕಾ ಬ್ರ್ಯಾಂಡ್ಸ್‌ನವರದ್ದು. 2019ರ ಮೇನಲ್ಲಿ ಅದರ ಮೊದಲ ಕಾರು 415.9 ಈಥರ್‌ಗೆ ಹರಾಜಾಯಿತು, ಆಗಿನ ಲೆಕ್ಕದಲ್ಲಿ ಒಂದು ಲಕ್ಷ ಡಾಲರ್‌ಗೂ ಜಾಸ್ತಿ. 2022ರ ಮಾರ್ಚ್‌ನಲ್ಲಿ ಆಟ ನಿಂತಿತು. ಕಾರಣ ಚೈನ್ ಅಲ್ಲ, ಟೋಕನ್ ಅಲ್ಲ. ಎಫ್1 ಹೆಸರು ಬಳಸುವ ಪರವಾನಗಿ ನವೀಕರಣ ಆಗಲಿಲ್ಲ. ಕಾರು ವ್ಯಾಲೆಟ್‌ನಲ್ಲಿ ಹಾಗೇ ಇತ್ತು, ಓಡಿಸಲು ರಸ್ತೆ ಇರಲಿಲ್ಲ.

ಆದರೆ ಇಲ್ಲಿ ಬಳಗ ಕೈ ಹಿಡಿದದ್ದನ್ನೂ ಹೇಳಲೇಬೇಕು. ಅವರ ರೇಸಿಂಗ್ ಆಟಗಳಿಗೆಲ್ಲ ರೆವ್ ಅನ್ನುವ ಒಂದೇ ಟೋಕನ್ ಇತ್ತು. ಕಾರು ಇದ್ದವರಿಗೆ ಅದೇ ಬಳಗದ ಇನ್ನೊಂದು ರೇಸಿಂಗ್ ಆಟದಲ್ಲಿ ಬದಲಿ ಕಾರು ಕೊಟ್ಟರು. ಒಂಟಿ ಆಟವಾಗಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ. ಬದಲಿ ಕಾರು ಹಳೆಯ ಕಾರಿಗೆ ಸಮವಾ ಅಂತ ಕೇಳಿದರೆ ಅದು ಬೇರೆ ಮಾತು. ಇಷ್ಟಪಟ್ಟು ಕೊಂಡ ಕಾರಿನ ಹೆಸರು, ಬಣ್ಣ, ಆ ಟ್ರ್ಯಾಕ್, ಯಾವುದಕ್ಕೂ ಬದಲಿ ಇಲ್ಲ.

ತಂತಿಜೋಡಕ

ಇದಕ್ಕೆ ಸೇರಿಸುತ್ತೇನೆ. ಅಂಗಡಿಗಳ ವಿಷಯ. 2021ರ ಅಕ್ಟೋಬರ್‌ನಿಂದ ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅಂಗಡಿಯಲ್ಲಿ ಬ್ಲಾಕ್‌ಚೈನ್ ಮೇಲೆ ಎನ್‌ಎಫ್‌ಟಿ (ಒಂದೊಂದೂ ಬೇರೆಯಾಗಿರುವ ವಸ್ತುವಿನ ಟೋಕನ್) ಅಥವಾ ಕ್ರಿಪ್ಟೋ ಕೊಡುವ, ವಿನಿಮಯ ಮಾಡಲು ಬಿಡುವ ಆಟಗಳಿಗೆ ಜಾಗ ಇಲ್ಲ. ಇನ್ನೊಂದು ಅಂಗಡಿ ಎಪಿಕ್ ಬಾಗಿಲು ತೆರೆದಿಟ್ಟಿತು. ನಿಮ್ಮ ಆಟವನ್ನು ಎಲ್ಲಿ ಮಾರಬೇಕು ಅಂತ ಮೊದಲು ತೀರ್ಮಾನಿಸಿ. ಇದನ್ನು ಮರೆತು ಒಂದು ವರ್ಷ ಕೆಲಸ ಮಾಡಿದ ತಂಡದಲ್ಲಿ ನಾನೂ ಇದ್ದೆ. ಮತ್ತೆ ಎಲ್ಲ ಬಿಚ್ಚಿ ಕಟ್ಟಬೇಕಾಯಿತು.

ಗುಹೆದೀಪ

ಐದು ದಿನ ಬರಲಿಲ್ಲ, ಕ್ಷಮಿಸಿ. ನೀವು ಹೇಳಿದ್ದನ್ನೆಲ್ಲ ಹಿಡಿದುಕೊಂಡು ಕೆಲಸ ಮಾಡುತ್ತಿದ್ದೆವು.

ಮೊದಲು ಒಂದು ಹಾಳೆಯಲ್ಲಿ ನಮ್ಮ ಆಟದ ಎಲ್ಲ ನಲ್ಲಿ, ಎಲ್ಲ ಮೋರಿ ಬರೆದೆವು. ಆಮೇಲೆ ಪರೀಕ್ಷಾ ಖಾತೆಗಳಲ್ಲಿ ಒಂದು ಪ್ರಯೋಗ. ಎಣ್ಣೆಯ ಬೆಲೆಯನ್ನು ಟೋಕನ್‌ಗೆ ಕಟ್ಟಿ, ಟೋಕನ್ ಬೆಲೆ ಎರಡು ಪಟ್ಟಾದರೆ ಏನಾಗುತ್ತದೆ ಅಂತ ನೋಡಿದೆವು. ಬೆಲೆ ಏರಿದರೆ ಎಲ್ಲರಿಗೂ ಖುಷಿ ಅಂದುಕೊಂಡಿದ್ದೆ. ಆಗಿದ್ದು ಬೇರೆ. ಎಣ್ಣೆ ತುಟ್ಟಿಯಾಯಿತು. ಆಡುತ್ತಿದ್ದ ಗೆಳೆಯರು ಎಣ್ಣೆ ಸುಡದೆ ಕೂಡಿಡಲು ಶುರು ಮಾಡಿದರು. ಗುಹೆಯ ಮೊದಲ ತಿರುವಿನಲ್ಲೇ ವಾಪಸ್ ಬರುತ್ತಿದ್ದರು. ಒಬ್ಬರು ಒಳಗೆ ಇಳಿಯಲೇ ಇಲ್ಲ, ಎಣ್ಣೆ ಇಟ್ಟುಕೊಂಡು ಕೂತರು. ಬೆಲೆ ಅರ್ಧ ಮಾಡಿ ನೋಡಿದೆವು. ಈಗ ಎಣ್ಣೆ ಅಗ್ಗ, ಯಾರಿಗೂ ದೀಪ ಆರುವ ಭಯ ಇಲ್ಲ, ಗುಹೆ ಸುಮ್ನೆ ತಿರುಗಾಡುವ ಜಾಗ ಆಯಿತು. ಎರಡು ವರ್ಷ ಕೂತು ಹದ ಮಾಡಿದ್ದು ಎಣ್ಣೆಯ ಆ ಅಳತೆಯನ್ನೇ. ಅದನ್ನು ನಮಗೆ ಗೊತ್ತೇ ಇಲ್ಲದ ಆರು ಆಟಗಳ ಏಳುಬೀಳಿಗೆ ಕಟ್ಟಲು ಹೊರಟಿದ್ದೆವು.

ಆಮೇಲೆ ಬಳಗದವರ ಜೊತೆ ಮಾತಾಡಿದೆವು. ಒಳ್ಳೆಯ ಜನ, ಮುಚ್ಚುಮರೆ ಇಲ್ಲದೆ ಹೇಳಿದರು. ಪ್ರತಿ ಆಟಕ್ಕೂ ತಿಂಗಳಿಗೆ ಇಷ್ಟೇ ಟೋಕನ್ ಅಂತ ಮಿತಿ ಇದೆ, ಆದರೆ ಆ ಮಿತಿ ಬದಲಿಸಲು ಟೋಕನ್ ಇರುವವರ ಮತ ಸಾಕು. ಜಾಸ್ತಿ ಟೋಕನ್ ಇರುವುದು ಮೊದಲು ಬಂದ ಎರಡು ಆಟದವರ ಹತ್ತಿರ. ಸೃಷ್ಟಿಸುವ ಕೀಲಿ ಐದು, ಮೂರು ಸಹಿ ಬೇಕು. ಆದರೆ ಮೂರು ಕೀಲಿ ಒಂದೇ ತಂಡದಲ್ಲಿವೆ. ಕಾವಲುಬಾಗಿಲು ಅವರು ಬರೆದದ್ದನ್ನು ತೋರಿಸಿದೆ. ಬದಲಾಯಿಸುತ್ತೇವೆ ಅಂದರು, ಯಾವಾಗ ಅಂತ ಹೇಳಲಿಲ್ಲ. ಬೇರೆ ಆಟದ ವಸ್ತುಗಳನ್ನು ಒಳಗೆ ಬಿಡುವುದು ಕಡ್ಡಾಯ ಅಲ್ಲವಂತೆ.

ಕೊನೆಗೆ ನಾವು ಹೀಗೆ ಹೇಳಿದೆವು. ಗುಹೆಯೊಳಗೆ ನಮ್ಮ ಕಾಸೇ ಇರುತ್ತದೆ. ಅದು ಚೈನ್ ಮೇಲೆ ಬರುವುದಿಲ್ಲ, ಹೊರಗೆ ಮಾರಲು ಆಗುವುದಿಲ್ಲ. ಎಣ್ಣೆ ಅದರಲ್ಲೇ. ಗುಹೆಯ ತಳದಿಂದ ತಂದ ಅಪರೂಪದ ವಸ್ತುಗಳನ್ನು ಆಟಗಾರರು ಬೇಕಿದ್ದರೆ ಬಳಗದ ಮಾರುಕಟ್ಟೆಗೆ ಒಯ್ಯಬಹುದು. ಅಲ್ಲಿ ಅವರ ಟೋಕನ್, ಅವರ ಶುಲ್ಕ. ವಾಪಸ್ ಒಳಗೆ ಬಂದ ವಸ್ತು ನೋಡಲು ಚಂದ ಅಷ್ಟೇ, ಎಣ್ಣೆ ಉಳಿಸುವುದಿಲ್ಲ, ದೀಪ ದೊಡ್ಡದು ಮಾಡುವುದಿಲ್ಲ. ಹೀಗೆ ಸೇರಿದರೆ ಕಂತಿನಲ್ಲಿ ಕೊಡುವ ಟೋಕನ್ ಅರ್ಧ ಮಾತ್ರ ಅಂದರು. ಒಪ್ಪಿದೆವು. ಬೇಡ ಅಂದಿದ್ದ ಗೆಳತಿಯೂ ಒಪ್ಪಿದಳು. ಕೀಲಿ ಬೇರೆಬೇರೆ ಕಡೆ ಹೋಗುವವರೆಗೆ ಮಾರುಕಟ್ಟೆಯ ಭಾಗ ತೆರೆಯುವುದಿಲ್ಲ ಅಂತ ಅವಳೇ ಒಂದು ಸಾಲು ಸೇರಿಸಿದಳು.

ಲೆಕ್ಕದಪುಸ್ತಕ

ಒಳ್ಳೆಯದಾಯಿತು. ಡಯಾಬ್ಲೋ 3 ಆಟದಲ್ಲಿ ನಿಜವಾದ ಹಣದ ಹರಾಜುಕಟ್ಟೆ ಇತ್ತು, 2014ರ ಮಾರ್ಚ್‌ನಲ್ಲಿ ಮುಚ್ಚಿದರು. ರಾಕ್ಷಸರನ್ನು ಕೊಂದು ಒಳ್ಳೆಯ ವಸ್ತು ಹುಡುಕುವುದೇ ಆ ಆಟದ ಸಾರ, ಹರಾಜುಕಟ್ಟೆ ಅದನ್ನೇ ಅಡ್ಡಹಾಯುತ್ತಿತ್ತು. ನಿಮ್ಮ ಅಪರೂಪದ ವಸ್ತುಗಳಿಗೂ ಇದೇ ಆಗಬಹುದು. ಮೊದಲ ಮೂರು ತಿಂಗಳು ಒಂದು ಲೆಕ್ಕ ಇಡಿ: ಕೊಂಡವರಲ್ಲಿ ಎಷ್ಟು ಜನ ಆಮೇಲೂ ಗುಹೆಗೆ ಇಳಿಯುತ್ತಾರೆ?

ಹೊಸಚಿಗುರು

ನನಗೂ ಇದು ಸರಿ ಅನಿಸುತ್ತದೆ. ಹಳೆಯ ಬಳಗದಲ್ಲಿ ಜೊತೆಗೆ ಆಡುತ್ತಿದ್ದ ಹತ್ತು ಹನ್ನೆರಡು ಜನ ಇನ್ನೂ ಸಂಪರ್ಕದಲ್ಲಿದ್ದೇವೆ. ಪರೀಕ್ಷೆಗೆ ಜನ ಬೇಕಿದ್ದರೆ ಹೇಳಿ, ಎಲ್ಲರನ್ನೂ ಕರೆತರುತ್ತೇನೆ. ವ್ಯಾಲೆಟ್ ಬೇಡ ಅಂದರೆ ಇನ್ನೂ ಸಂತೋಷ.

ಗುಹೆದೀಪ

ವ್ಯಾಲೆಟ್ ಬೇಡವೇ ಬೇಡ. ಮುಂದಿನ ವಾರ ಹೊಸ ಆವೃತ್ತಿ ಹಾಕುತ್ತೇವೆ. ಸಂಜೆಮಲ್ಲಿಗೆ ಅವರೂ ಬನ್ನಿ.

ಸಂಜೆಮಲ್ಲಿಗೆ

ಬರುತ್ತೇನೆ. ಒಂದೇ ಕೋರಿಕೆ, ಪರದೆಯ ಬಲಮೂಲೆಯಲ್ಲಿ ಅಂಕಿ ಇಡಬೇಡಿ. ಎಣ್ಣೆ ಎಷ್ಟಿದೆ ಅಂತ ದೀಪ ನೋಡಿಯೇ ಗೊತ್ತಾಗಲಿ.